ಮನೆಯ ಬೆಲೆ ಹೆಚ್ಚಿಸುವ ಅಡುಗೆಮನೆ ಯಾವುದು?

ಮೈಸೂರಿನಲ್ಲಿ ಈಗ ಹೊಸ ಮನೆ ಕಟ್ಟುವವರಿರಲಿ, ಹಳೆಯ ಮನೆ ದುರಸ್ತಿ ಮಾಡಿಸುವವರಿರಲಿ, ಮೊದಲು ಆಡುವ ಮಾತು ‘ಮಾಡ್ಯುಲರ್ ಕಿಚನ್’. ಉದಯಗಿರಿ, ರಾಜೀವ್‌ನಗರ, ಕಲ್ಯಾಣಗಿರಿ, ಶಾಂತಿನಗರದ ಕಡೆ ಇಪ್ಪತ್ತು-ಮೂವತ್ತರ ಪುಟ್ಟ ನಿವೇಶನದಲ್ಲಿ ಮನೆ ಏಳಿಸುವವರೂ ಎರಡು ಮೂರು ಲಕ್ಷ ಇದಕ್ಕೆಂದೇ ತೆಗೆದಿಡುತ್ತಾರೆ. ಅಳತೆಗೆ ತಕ್ಕಂತೆ ಮಾಡಿಸಿದ ಅಡುಗೆಮನೆ ಇದ್ದರೆ ನಾಳೆ ಮಾರಲು ಹೋದಾಗ ಒಳ್ಳೆಯ ಬೆಲೆ ಬರುತ್ತದೆ, ಭೋಗ್ಯಕ್ಕೆ ಕೊಟ್ಟರೂ ಹೆಚ್ಚು ಹಣ ಸಿಗುತ್ತದೆ ಎಂಬುದು ಲೆಕ್ಕಾಚಾರ. ಆ ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ಯಾವುದಕ್ಕೆ ಬೆಲೆ ಬರುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ಉಪನೋಂದಣಿ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆ ಹಾಕುವಾಗ ನಿವೇಶನದ ಅಳತೆ, ಕಟ್ಟಡದ ಚದರಡಿ ನೋಡುತ್ತಾರೆಯೇ ಹೊರತು ನಿಮ್ಮ ಕಬೋರ್ಡಿನ ಬಣ್ಣವನ್ನಲ್ಲ. ಅದನ್ನು ನೋಡುವವರು ಕೊಳ್ಳಲು ಬಂದ ಮನೆಯವರು. ಅವರಲ್ಲಿಯೂ ಹೆಂಗಸರು ಹಾಲಿನಲ್ಲಿ ಕುಳಿತುಕೊಳ್ಳದೆ ನೇರ ಅಡುಗೆಮನೆಗೆ ಹೋಗುತ್ತಾರೆ. ನಲ್ಲಿ ತಿರುಗಿಸುತ್ತಾರೆ, ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸುತ್ತಾರೆ, ಕಿಟಕಿ ಎಲ್ಲಿದೆ ಎಂದು ನೋಡುತ್ತಾರೆ. ಹತ್ತು ವರ್ಷ ಕಳೆದ ಕಬೋರ್ಡು ತೇವದಿಂದ ಊದಿರುತ್ತದೆ, ಇಲ್ಲವೇ ಗೆದ್ದಲು ಹತ್ತಿರುತ್ತದೆ. ಆದರೆ ಸರಿಯಾದ ಜಾಗದಲ್ಲಿಟ್ಟ ಕಿಟಕಿ, ಇಳಿಜಾರು ಸರಿಯಿರುವ ಮೋರಿ, ಸರಿಯಾದ ಎತ್ತರದ ಕಲ್ಲಿನ ಕಟ್ಟೆ ಇವು ಮೂವತ್ತು ವರ್ಷ ಕಳೆದರೂ ಹಾಗೆಯೇ ಇರುತ್ತವೆ. ಮನೆಗೆ ನಿಜವಾದ ಬೆಲೆ ಕೊಡುವುದು ಇವೇ. ಅಡುಗೆ ಮಾಡುವವರ ಎದೆ, ಬೆನ್ನು, ಮಂಡಿಗಳನ್ನು ಕಾಯುವುದೂ ಇವೇ.

ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಸಂಬಳವಿಲ್ಲದ ಆ ಕೆಲಸದಲ್ಲಿ ಕಳೆಯುತ್ತಾರೆ. ಗಂಡಸರದು 97 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಯ ಆ ದುಡಿಮೆಯಲ್ಲಿ ದೊಡ್ಡ ಪಾಲು ಅಡುಗೆಮನೆಯದು. ರಮಝಾನಿನಲ್ಲಿ ಸಹರಿಯೂ ಇಫ್ತಾರೂ ಸೇರಿ ಅದು ಇನ್ನಷ್ಟು ಬೆಳೆಯುತ್ತದೆ. ಮನೆಯ ಒಬ್ಬರು ಎಚ್ಚರವಾಗಿರುವ ಹೊತ್ತಿನ ಇಷ್ಟು ಭಾಗ ನಿಲ್ಲುವ ಜಾಗಕ್ಕೆ ನಕ್ಷೆಯಲ್ಲಿ ಸಿಗುವುದು ಮಾತ್ರ ಹಾಲು, ಬೆಡ್‌ರೂಮುಗಳಿಗೆ ಹಂಚಿ ಉಳಿದ ಮೂಲೆ.

ಮೊದಲು ಗಾಳಿ

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಬೇಕೇ ಬೇಕಾದ ಆರು ಸಂಗತಿಗಳಿವೆ. ಇವನ್ನು ‘ಅಸ್ಬಾಬ್-ಎ-ಸಿತ್ತಾ ಝರೂರಿಯಾ’ ಎನ್ನುತ್ತೇವೆ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ಶಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಮತ್ತು ಹೊರಹೋಗಬೇಕಾದ್ದು. ಪಟ್ಟಿಯಲ್ಲಿ ಮೊದಲು ಬರುವುದು ಗಾಳಿ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್-ಖಾನೂನ್’ ಗ್ರಂಥದಲ್ಲಿ ಹೊಗೆ, ಆವಿ ಬೆರೆಯದ, ತೆರೆದ ಆಕಾಶಕ್ಕೆ ಸಂಬಂಧವಿರುವ ಗಾಳಿಯನ್ನೇ ಒಳ್ಳೆಯ ಗಾಳಿ ಎಂದು ಗುರುತಿಸಿದರು. ಅಡುಗೆಮನೆಯನ್ನೂ ಇದೇ ಅಳತೆಗೋಲಿನಿಂದ ನೋಡಬೇಕು.

ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆ ಉರಿಸುವ ಮನೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ‘ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಆ ಭಯವಿಲ್ಲ’ ಎನ್ನಬೇಡಿ. ಗ್ಯಾಸ್ ಸೌದೆಗಿಂತ ಎಷ್ಟೋ ಮೇಲು, ನಿಜ. ಆದರೆ ಒಗ್ಗರಣೆಯಲ್ಲಿ ಮೆಣಸಿನಕಾಯಿ ಸೀದಾಗ, ಇಫ್ತಾರಿಗೆ ಸಮೋಸ ಕರಿಯುವಾಗ, ಕಬಾಬಿನ ಎಣ್ಣೆ ಕಾದು ನೀಲಿ ಹೊಗೆ ಬಂದಾಗ ಗಾಳಿಗೆ ಸೇರುವ ಸೂಕ್ಷ್ಮ ಕಣಗಳು ಎದೆಯ ಆಳಕ್ಕೆ ಇಳಿಯುತ್ತವೆ. ಗ್ಯಾಸಿನ ಜ್ವಾಲೆಯೇ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಅದು ಒಳ್ಳೆಯದಲ್ಲ. ಹಂಡೆ ಒಲೆಗೆ ಸೌದೆ ಹಾಕಿ ಸ್ನಾನದ ನೀರು ಕಾಯಿಸುವ ಮನೆಗಳೂ ಹಳೆಯ ಮೊಹಲ್ಲಾಗಳಲ್ಲಿ ಇನ್ನೂ ಇವೆ.

ನನ್ನ ದವಾಖಾನೆಗೆ ಹೊಸ ಮನೆಗೆ ಹೋದ ಮೇಲೆ ಕೆಮ್ಮು ಶುರುವಾಯಿತೆಂದು ಒಬ್ಬ ಸಹೋದರಿ ಬಂದಿದ್ದರು. ಜೋಷಾಂದಾ ಕುಡಿದರೆ ವಾರ ತಡೆಯುತ್ತದೆ, ಮತ್ತೆ ಬರುತ್ತದೆ ಎಂದರು. ಕ್ಷಯದ ಪರೀಕ್ಷೆ ಮಾಡಿಸಿದ್ದಾಯಿತು, ಏನೂ ಇರಲಿಲ್ಲ. ಅಡುಗೆಮನೆಯ ಬಗ್ಗೆ ಕೇಳಿದಾಗ ವಿಷಯ ಹೊರಬಂತು. ಹೊಳೆಯುವ ಕಬೋರ್ಡುಗಳಿಗೆ ಜಾಗ ಬೇಕೆಂದು ಇದ್ದ ಒಂದು ಕಿಟಕಿ ಮುಚ್ಚಿಸಿದ್ದರು. ಒಲೆಯ ಮೇಲೆ ದುಬಾರಿ ಚಿಮಣಿ ಇತ್ತು, ಆದರೆ ಹೊರಗೆ ಹೋಗುವ ಕೊಳವೆ ಇರಲಿಲ್ಲ. ಅಂಥ ಚಿಮಣಿ ಗಾಳಿಯನ್ನು ಜಾಲರಿಯಲ್ಲಿ ಸೋಸಿ ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಎಣ್ಣೆಯ ಜಿಡ್ಡು ಸ್ವಲ್ಪ ಹಿಡಿಯುತ್ತದೆ, ಅನಿಲವೂ ಬಿಸಿಯೂ ಅಲ್ಲೇ ಉಳಿಯುತ್ತವೆ. ಗೋಡೆ ಕೊರೆದು ಕೊಳವೆ ಹಾಕಿಸಿ, ಮೇಲೊಂದು ಬೆಳಕಿಂಡಿ ತೆಗೆಸಿದ ಮೇಲೆ ಆಕೆಗೆ ಔಷಧಿಯ ಅಗತ್ಯ ತಾನಾಗಿ ಕಡಿಮೆಯಾಯಿತು.

ಆದ್ದರಿಂದ ನಕ್ಷೆ ಹಾಕುವಾಗಲೇ ಕೇಳಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರತ್ಯೇಕ ಊಟದ ಜಾಗವಿರುವ ಮನೆಯ ಅಡುಗೆಕೋಣೆಗೆ ಕನಿಷ್ಠ 5 ಚದರ ಮೀಟರ್, ಅಂದರೆ ಸುಮಾರು 54 ಚದರಡಿ ಜಾಗ, 1.8 ಮೀಟರ್ ಅಗಲ, ಬಯಲಿಗೆ ತೆರೆದುಕೊಳ್ಳುವ ಒಂದು ಚದರ ಮೀಟರಿನ ಕಿಟಕಿ ಇರಬೇಕೆನ್ನುತ್ತದೆ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಎರಡೂ ಬದಿಗೆ ಪಕ್ಕದ ಮನೆಯ ಗೋಡೆ ಅಂಟಿಕೊಂಡಿದ್ದರೆ ಅಡುಗೆಮನೆಯನ್ನು ನಡುವೆ ಇಡಬೇಡಿ. ಹಿಂಬದಿಗೋ ಮುಂಬದಿಗೋ ತನ್ನಿ. ಅದೂ ಆಗದಿದ್ದರೆ ತಾರಸಿಯಲ್ಲಿ ಗವಾಕ್ಷಿ ಬಿಡಿಸಿ. ಹಳೆಯ ಹೆಂಚಿನ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಗವಾಕ್ಷಿ ಇರುತ್ತಿದ್ದುದು ಸುಮ್ಮನೆ ಅಲ್ಲ. ಬಿಸಿ ಗಾಳಿ ಮೇಲಕ್ಕೇ ಹೋಗುತ್ತದೆ.

ಚಿಮಣಿ ಹಾಕಿಸುವುದಾದರೆ ಒಲೆಯಿಂದ ಎರಡರಿಂದ ಎರಡೂವರೆ ಅಡಿ ಮೇಲಿರಲಿ. ಕೊಳವೆ ಉದ್ದ ಕಡಿಮೆ, ತಿರುವು ಕಡಿಮೆ ಇರಲಿ. ಅದರ ಬಾಯಿ ಬಯಲಿಗೇ ಇರಲಿ, ನೆರೆಯವರ ಕಿಟಕಿಗಲ್ಲ. ಹೊಗೆ ಹೊರಹೋಗಬೇಕಾದರೆ ಹೊಸ ಗಾಳಿ ಒಳಬರಲು ಎದುರಿನಲ್ಲಿ ಒಂದು ದಾರಿ ಬೇಕು ಎಂಬುದನ್ನು ಮರೆಯಬೇಡಿ. ಎಲ್ಲ ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ತಿರುಗಿಸಿದರೆ ಸದ್ದು ಮಾತ್ರ ಬರುತ್ತದೆ. ಸೌದೆ ಉರಿಸಲೇಬೇಕಾದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನಮ್ಮ ಮುಂದಿರುವ ಒಳ್ಳೆಯ ಮಾದರಿ. ಬೆಂಕಿ ಮುಚ್ಚಿದ ಗೂಡಿನಲ್ಲಿ ಉರಿದು, ಹೊಗೆ ಕೊಳವೆಯಿಂದ ಹೊರಹೋಗುತ್ತದೆ. ಸೌದೆಯೂ ಕಡಿಮೆ ಸಾಕು.

ಪರ್ದಾ ಉಳಿಯಲಿ, ಕಿಟಕಿ ತೆರೆದಿರಲಿ

ನಮ್ಮ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಿಟಕಿ ಓಣಿಯ ಕಡೆಗಿದ್ದರೆ ಅದಕ್ಕೆ ರಟ್ಟು ಹೊಡೆಯುತ್ತಾರೆ, ಇಲ್ಲವೇ ದಪ್ಪ ಪರದೆ ಎಳೆಯುತ್ತಾರೆ. ಹಾದುಹೋಗುವವರ ಕಣ್ಣು ಬೀಳಬಾರದೆಂಬ ಕಾರಣ ಸರಿಯೇ. ಅದಕ್ಕೆ ಗಾಳಿಯನ್ನೇ ನಿಲ್ಲಿಸಬೇಕಿಲ್ಲ. ಕಿಟಕಿಯ ಕೆಳ ಅಂಚನ್ನು ಐದೂವರೆ ಅಡಿಗೆ ಏರಿಸಿ, ಅಡ್ಡಡ್ಡ ಉದ್ದ ಮಾಡಿದರೆ ಹೊರಗಿನವರಿಗೆ ಒಳಗೆ ಕಾಣುವುದಿಲ್ಲ, ಹೊಗೆ ಇರುವುದೂ ಆ ಎತ್ತರದಲ್ಲೇ. ಜಾಲಿ ಇಟ್ಟಿಗೆ, ಓರೆ ಪಟ್ಟಿಯ ಗಾಜಿನ ಕಿಟಕಿ ಇವೂ ಆಗಬಹುದು. ನಮ್ಮ ಹಿರಿಯರು ಮಹಲಿನಿಂದ ಮಸೀದಿಯವರೆಗೆ ಜಾಲಿ ಬಳಸಿದ್ದು ಇದಕ್ಕೇ. ಮನೆ ಕಟ್ಟುವ ಮೊದಲು ಈ ಒಂದು ಮಾತು ಮೇಸ್ತ್ರಿಗೆ ಹೇಳಿದರೆ ಖರ್ಚು ಹೆಚ್ಚೇನೂ ಇಲ್ಲ. ಕಟ್ಟಿದ ಮೇಲೆ ನೆನಪಾದರೆ ಗೋಡೆ ಒಡೆಯಬೇಕು.

ಕಟ್ಟೆಯ ಎತ್ತರ ಯಾರ ಅಳತೆ?

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಹೆಂಗಸರು ಎಷ್ಟು ಹೆಜ್ಜೆ ನಡೆಯುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ಮಾಡಿದ ಆ ಪುಟ್ಟ ಕೋಣೆ ಸುಮಾರು ಹತ್ತು ಸಾವಿರ ಮನೆಗಳಿಗೆ ಹೋಯಿತು. ಇಂದಿನ ಮಾಡ್ಯುಲರ್ ಕಿಚನ್ ಅದರ ಮೊಮ್ಮಗಳು. ಆದರೆ ಅದನ್ನು ರೂಪಿಸುವ ಮೊದಲು ತಾನು ಮನೆ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲವೆಂದು ಆಕೆಯೇ ಹೇಳಿಕೊಂಡಿದ್ದಾರೆ. ನಿಮ್ಮ ಮನೆಗೆ ಬರುವ ವಿನ್ಯಾಸಗಾರನೂ ಬಡಗಿಯೂ ಬಹುಶಃ ಹಾಗೆಯೇ. ಅವರನ್ನು ದೂರಿ ಫಲವಿಲ್ಲ. ಅಡುಗೆ ಮಾಡುವವರನ್ನು ಹತ್ತು ನಿಮಿಷ ನಿಲ್ಲಿಸಿ ಅಳತೆ ತೆಗೆಸುವುದು ಮನೆಯ ಯಜಮಾನನ ಕೆಲಸ.

ಅಳತೆ ಹೀಗೆ. ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಮೊಣಕೈ ಮಡಿಸಿ. ನೆಲದಿಂದ ಮೊಣಕೈವರೆಗಿನ ಎತ್ತರದಲ್ಲಿ ನಾಲ್ಕು ಇಂಚು ಕಳೆಯಿರಿ. ಹೆಚ್ಚುವ, ಕಲಸುವ ಕಟ್ಟೆ ಅಷ್ಟು ಎತ್ತರವಿರಬೇಕು. ಐದಡಿ ಎತ್ತರದ ಹೆಂಗಸಿಗೆ ಇದು ಸುಮಾರು 33 ಇಂಚು ಬರುತ್ತದೆ. ಕಟ್ಟೆ ಇದಕ್ಕಿಂತ ತಗ್ಗಿದರೆ ಸೊಂಟ ಬಾಗುತ್ತದೆ, ಏರಿದರೆ ಭುಜ ಎತ್ತಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಬೆನ್ನುನೋವು, ಕುತ್ತಿಗೆ ನೋವು ಎಂದು ಬರುವ ಹೆಂಗಸರಿಗೆ ನಾವು ಎಣ್ಣೆಯ ಮಾಲೀಷು, ಹಿಜಾಮಾ ಮಾಡುತ್ತೇವೆ, ನೋವು ಇಳಿಯುತ್ತದೆ. ಅದೇ ಕಟ್ಟೆಯ ಮುಂದೆ ಹೋಗಿ ನಿಂತರೆ ತಿಂಗಳೊಳಗೆ ಮರಳುತ್ತದೆ. ಸಿಂಕಿನ ಅಂಚು ಕಟ್ಟೆಗಿಂತ ಒಂದೆರಡು ಇಂಚು ಮೇಲಿದ್ದರೆ ಒಳ್ಳೆಯದು, ಏಕೆಂದರೆ ತೊಳೆಯುವಾಗ ಕೈ ಸಿಂಕಿನ ತಳಕ್ಕೆ ಹೋಗುತ್ತದೆ.

ಒಲೆ, ಸಿಂಕ್, ಫ್ರಿಜ್ ಮೂರರ ನಡುವಿನ ಸುತ್ತು ಒಟ್ಟು 26 ಅಡಿ ಮೀರಬಾರದೆಂಬುದು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಸೂತ್ರ. ನಮ್ಮ ಸಣ್ಣ ಮನೆಗಳಲ್ಲಿ ಅದು ಮೀರುವುದೇ ಇಲ್ಲ. ನಮ್ಮ ತೊಂದರೆ ಭಾರದ್ದು. ಅಕ್ಕಿಯ ಡಬ್ಬ, ಗ್ರೈಂಡರು, ದೊಡ್ಡ ಕುಕ್ಕರು ಸೊಂಟದಿಂದ ಭುಜದ ನಡುವೆ ಇರಲಿ. ಅಟ್ಟದಲ್ಲಿ ವರ್ಷಕ್ಕೊಮ್ಮೆ ತೆಗೆಯುವ ಹಗುರ ಸಾಮಾನು ಮಾತ್ರ.

ಡೇಗ್ಚಿಗೊಂದು ತಗ್ಗು ಕಟ್ಟೆ

ಕಂಪನಿಯ ಅಡುಗೆಮನೆಗಳು ನಾಲ್ಕು ಜನರ ಬಾಣಲೆಗೆ ಸರಿ. ಐದು ಸೇರಿನ ಬಿರಿಯಾನಿ ಡೇಗ್ಚಿಯನ್ನು ಆ ಒಲೆಯ ಮೇಲಿಟ್ಟರೆ ಅದರ ಬಾಯಿ ಹೆಂಗಸಿನ ಎದೆಮಟ್ಟಕ್ಕೆ ಬರುತ್ತದೆ. ದಮ್ ತೆಗೆಯುವಾಗ ಆವಿ ಮುಖಕ್ಕೇ ಹೊಡೆಯುತ್ತದೆ, ಗಂಜಿ ಬಸಿಯಲು ಎತ್ತುವಾಗ ಬಿಸಿನೀರು ಚೆಲ್ಲಿ ಸುಡುತ್ತದೆ. ಈದ್ ಹಬ್ಬದ ದಿನಗಳಲ್ಲಿ ಇಂಥ ಸುಟ್ಟ ಗಾಯಗಳನ್ನು ಪ್ರತಿ ವರ್ಷ ನೋಡುತ್ತೇನೆ. ಅಳತೆಗೆ ಮಾಡಿಸುವುದೇ ಆದರೆ ಹಿಂದಿನ ಯುಟಿಲಿಟಿಯಲ್ಲಿ ಒಂದೂವರೆ ಅಡಿ ಎತ್ತರದ, ಎರಡಡಿ ಅಗಲದ ಒಂದು ಕಲ್ಲಿನ ಕಟ್ಟೆ ಮಾಡಿಸಿ. ಪಕ್ಕದಲ್ಲೇ ಬಸಿಯುವ ಮೋರಿಯೂ ಒಂದು ನಲ್ಲಿಯೂ ಇರಲಿ. ಪಾತ್ರೆಯನ್ನು ಎತ್ತುವ ಬದಲು ಓರೆ ಮಾಡಿದರೆ ಸಾಕು. ಉಳಿದ ದಿನ ಅದೇ ಕಟ್ಟೆ ಮಂಡಿನೋವಿನ ಅಜ್ಜಿಗೆ ಕುಳಿತು ಸೊಪ್ಪು ಬಿಡಿಸುವ ಜಾಗ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿಯಿರಿ. ಟೂತ್‌ಪೇಸ್ಟು, ಇಂಕು, ಮೊಟ್ಟೆ ಯಾವುದೂ ಬೇಡ. ಗಾಯ ದೊಡ್ಡದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಾಮ್ರದ ಡೇಗ್ಚಿ ಇರುವ ಮನೆಯವರು ಕಲಾಯಿ ಸವೆದಿದೆಯೇ ನೋಡುತ್ತಿರಿ. ಒಳಗೆ ಕೆಂಪು ಕಂಡರೆ ಮೊಸರು, ಹುಣಸೆ, ಟೊಮೆಟೊ ಹಾಕಿದ ಅಡುಗೆಗೆ ತಾಮ್ರ ಇಳಿಯುತ್ತದೆ.

ಮಾಂಸ, ನೀರು, ಶುಚಿತ್ವ

ಶುಚಿತ್ವವನ್ನು ಈಮಾನಿನ ಅರ್ಧಭಾಗವೆಂದು ಪ್ರವಾದಿ(ಸ) ಕಲಿಸಿದರು. ನಮ್ಮಲ್ಲಿ ಕೋಳಿ, ಕುರಿ ಮಾಂಸ ತೊಳೆಯದೆ ಅಡುಗೆ ಮಾಡುವುದಿಲ್ಲ. ನಲ್ಲಿಯ ರಭಸದ ನೀರಿನಲ್ಲಿ ಹಸಿ ಕೋಳಿ ತೊಳೆದರೆ ಸಿಡಿಯುವ ಹನಿಗಳಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಪಕ್ಕದ ಸೌತೆಕಾಯಿ, ಕೊತ್ತಂಬರಿ, ತಟ್ಟೆಗಳ ಮೇಲೆ ಬೀಳುತ್ತವೆ. ಜಾಗವಿದ್ದರೆ ಮಾಂಸಕ್ಕೆ ಯುಟಿಲಿಟಿಯಲ್ಲಿ ಬೇರೆ ಸಿಂಕ್ ಇಡಿಸಿ. ಇಲ್ಲದಿದ್ದರೆ ಒಂದೇ ಸಿಂಕ್ ಇರಲಿ, ಹತ್ತು ಇಂಚು ಆಳವಿರಲಿ. ಪಾತ್ರೆಯಲ್ಲಿ ನೀರು ತುಂಬಿ ಅದರೊಳಗೆ ನಿಧಾನವಾಗಿ ತೊಳೆಯಿರಿ, ಆಮೇಲೆ ಸಿಂಕನ್ನೂ ಕೈಯನ್ನೂ ಸಾಬೂನಿನಿಂದ ತೊಳೆಯಿರಿ. ಮಾಂಸದ ಮಣೆ, ತರಕಾರಿಯ ಮಣೆ ಬೇರೆ ಬೇರೆ ಇರಲಿ.

ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಸಂಜೆ ಐದಕ್ಕೆ ಮಾಡಿದ ಸಾಲನ್ ಸಹರಿಯವರೆಗೆ ಕಟ್ಟೆಯ ಮೇಲೆ ಇರಬಾರದು. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಆದ್ದರಿಂದ ಫ್ರಿಜ್ಜಿಗೆ ಅಡುಗೆಮನೆಯೊಳಗೇ ಜಾಗ ಮಾಡಿ, ಅದರ ಹಿಂದೆ ಗಾಳಿಯಾಡಲು ಸಂದು ಬಿಡಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು, ದೀಪ ಆರಿಸಿ ಮಲಗಲು ಹದೀಸಿನಲ್ಲಿ ಬಂದಿರುವ ಬೋಧನೆ ಇಂದು ಇನ್ನೂ ಎರಡು ಕೆಲಸ ನೆನಪಿಸುತ್ತದೆ: ರೆಗ್ಯುಲೇಟರ್ ಬಂದ್ ಮಾಡುವುದು, ಸಿಂಕ್ ಒರೆಸಿ ಒಣಗಿಸುವುದು. ರಾತ್ರಿ ನೀರು ಸಿಗದಿದ್ದರೆ ಜಿರಳೆ ನಿಲ್ಲುವುದಿಲ್ಲ. ಜಿರಳೆಯ ಹಿಕ್ಕೆ, ಪೊರೆ ಮಕ್ಕಳ ಆಸ್ತಮಾ ಕೆರಳಿಸುತ್ತವೆ.

ಹಸಿ ಕಸಕ್ಕೂ ಒಣ ಕಸಕ್ಕೂ ಎರಡು ಡಬ್ಬಿಗೆ ಜಾಗ ನಕ್ಷೆಯಲ್ಲೇ ಗುರುತಿಸಿ. ಸ್ವಚ್ಛತೆಯಲ್ಲಿ 2015, 2016ರಲ್ಲಿ ದೇಶಕ್ಕೇ ಮೊದಲು ಬಂದ ಊರು ನಮ್ಮದು. ಆ ಹೆಸರು ಶುರುವಾಗುವುದು ಸಿಂಕಿನ ಪಕ್ಕದಲ್ಲಿ.

ಮರ, ಕಲ್ಲು, ಗ್ಯಾಸ್

ಅಗ್ಗದ ಕಬೋರ್ಡುಗಳು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡಿನವು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತದೆ. ಹೊಸ ಕಬೋರ್ಡು ತೆರೆದಾಗ ಕಣ್ಣು ಉರಿಯುವುದು ಅದರಿಂದ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಂಕಿನ ಕೆಳಗೆ ನೀರು ತಾಗಿದರೆ ಈ ಹಲಗೆ ರೊಟ್ಟಿಯಂತೆ ಊದುತ್ತದೆ. ನೀರು ತಾಗುವ ಕಡೆ ಐಎಸ್ 710 ಗುರುತಿನ ಪ್ಲೈವುಡ್ ಅಥವಾ ಸ್ಟೀಲ್ ಕೇಳಿ. ಹಣ ಸಾಲದಿದ್ದರೆ ಕಡಪಾ ಕಲ್ಲಿನ ಅರೆಗಳನ್ನು ಹಾಕಿಸಿ ಬಾಗಿಲಿಲ್ಲದೆ ಬಿಡಿ. ಗೆದ್ದಲಿಲ್ಲ, ವಾಸನೆಯಿಲ್ಲ, ತೊಳೆಯುವುದೂ ಸುಲಭ. ಹೊಸ ಕಬೋರ್ಡು ಬಂದ ಮೇಲೆ ಕೆಲವು ವಾರ ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ಆಮೇಲೆ ಬಳಸಿ.

ಕಟ್ಟೆಯ ಮೇಲ್ಮೈಗೆ ಈಗ ‘ಕ್ವಾರ್ಟ್ಜ್’ ಎಂಬ ಕೃತಕ ಕಲ್ಲು ಚಾಲ್ತಿಯಲ್ಲಿದೆ. ಅದರಲ್ಲಿ ಸಿಲಿಕಾ ಶೇಕಡ 90ಕ್ಕೂ ಹೆಚ್ಚು ಇರಬಹುದು. ನಿಮ್ಮ ಮನೆಯಲ್ಲಿ ಕುಳಿತ ಕಲ್ಲು ನಿಮಗೇನೂ ಮಾಡುವುದಿಲ್ಲ. ಆದರೆ ಅದನ್ನು ಕತ್ತರಿಸುವ ಹುಡುಗನ ಎದೆಗೆ ದೂಳು ಇಳಿದು ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಮದ್ದಿಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನು ನಿಷೇಧಿಸಿತು. ನಮ್ಮ ಪಕ್ಕದ ಚಾಮರಾಜನಗರದ ಕರಿ ಗ್ರಾನೈಟ್ ಹೆಸರಾಂತ ಕಲ್ಲು. ಅದರಲ್ಲಿ ಸಿಲಿಕಾ ಕಡಿಮೆ, ಬಿಸಿಗೂ ಹುಳಿಗೂ ಜಗ್ಗುವುದಿಲ್ಲ. ಯಾವ ಕಲ್ಲಾದರೂ ನೀರು ಹಾಕಿ ಕತ್ತರಿಸುವಂತೆ ಹೇಳಿ. ಕೆಲಸಗಾರನ ಹಕ್ಕು ಕೂಲಿಗೆ ಮುಗಿಯುವುದಿಲ್ಲ, ಅವನ ಉಸಿರೂ ಅದರಲ್ಲಿದೆ.

ಗ್ಯಾಸ್ ಸಿಲಿಂಡರನ್ನು ಚಂದಕ್ಕೆಂದು ಬಾಗಿಲಿನ ಕಬೋರ್ಡಿನಲ್ಲಿ ಮುಚ್ಚಿಡುವುದು ಅಪಾಯ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಸಿಲಿಂಡರ್ ಹೊರಗಿರಲಿ, ಒಳಗಿಡಲೇಬೇಕಾದರೆ ಕಬೋರ್ಡಿನ ತಳದಲ್ಲಿ ಗಾಳಿಕಿಂಡಿ ಇರಲಿ. ಕೊಳವೆಯಲ್ಲಿ ಬರುವ ಅನಿಲ ಗಾಳಿಗಿಂತ ಹಗುರ, ಅದಕ್ಕೆ ಮೇಲ್ಗಡೆ ಕಿಂಡಿ ಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಹೊರಬನ್ನಿ, 1906ಕ್ಕೆ ಕರೆ ಮಾಡಿ. ಮಸಾಲೆ ಡಬ್ಬಿಗಳನ್ನೂ ಒಲೆಯ ಮೇಲ್ಗಡೆ ಇಡಬೇಡಿ. ಬಿಸಿಗೆ ಏಲಕ್ಕಿ, ಲವಂಗ, ದಾಲ್ಚಿನ್ನಿಯ ಎಣ್ಣೆ ಹಾರಿ ಪರಿಮಳವೂ ಗುಣವೂ ಹೋಗುತ್ತವೆ. ತೇವದಲ್ಲಿ ಮೆಣಸಿನಕಾಯಿ, ಕಡಲೆಕಾಯಿಗೆ ಬೂಷ್ಟು ಹಿಡಿದು ಯಕೃತ್ತಿಗೆ ವಿಷವಾಗುತ್ತದೆ.

ಹಣದ ಮಾತು

ಬೀಗರ ಮನೆಯಲ್ಲಿದೆ ಎಂದು ಬಡ್ಡಿಯ ಕಂತಿನಲ್ಲಿ ಅಡುಗೆಮನೆ ಮಾಡಿಸುವುದು ಹೆಚ್ಚುತ್ತಿದೆ. ಬಡ್ಡಿ, ದುಂದುವೆಚ್ಚ ಎರಡನ್ನೂ ಕುರ್‌ಆನ್ ತಡೆದಿದೆ. ಆ ಮಾತನ್ನು ಉಲಮಾಗಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ವೈದ್ಯನಾಗಿ ನನಗೆ ಗೊತ್ತಿರುವುದು ಇಷ್ಟು: ಸಾಲದ ಚಿಂತೆ ನಿದ್ರೆ ಕೆಡಿಸುತ್ತದೆ, ನಿದ್ರೆ ಕೆಟ್ಟರೆ ರಕ್ತದೊತ್ತಡವೂ ಸಕ್ಕರೆಯೂ ಏರುತ್ತವೆ. ಹಣ ಕಡಿಮೆಯಿದ್ದರೆ ಈ ಕ್ರಮದಲ್ಲಿ ಖರ್ಚು ಮಾಡಿ: ಮೊದಲು ಕಿಟಕಿ ಮತ್ತು ಹೊಗೆಯ ದಾರಿ, ಆಮೇಲೆ ನೀರು ಮತ್ತು ಮೋರಿ, ಆಮೇಲೆ ಕಟ್ಟೆಯ ಎತ್ತರ, ಬೆಳಕು, ಜಾರದ ನೆಲ. ಕಬೋರ್ಡು ಕೊನೆಗೆ. ಅದನ್ನು ಎರಡು ವರ್ಷ ಬಿಟ್ಟು ಮಾಡಿಸಿದರೂ ನಡೆಯುತ್ತದೆ.

ಬಾಡಿಗೆ ಮನೆಯವರೂ ನಿರಾಶರಾಗಬೇಕಿಲ್ಲ. ಮಾಲೀಕರನ್ನು ಒಪ್ಪಿಸಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕಟ್ಟೆ ಎತ್ತರವಿದ್ದರೆ ನಿಲ್ಲಲು ಅಗಲವಾದ ಗಟ್ಟಿ ಮಣೆ, ತಗ್ಗಿದ್ದರೆ ಹೆಚ್ಚುವ ಮಣೆಯ ಕೆಳಗೊಂದು ದಪ್ಪ ಹಲಗೆ ಇಡಿ. ಬಹಳ ಹೊತ್ತು ನಿಲ್ಲುವವರು ಒಂದು ಕಾಲನ್ನು ನಾಲ್ಕೈದು ಇಂಚಿನ ಮಣೆಯ ಮೇಲಿಟ್ಟು ಆಗಾಗ ಬದಲಿಸಿದರೆ ಸೊಂಟಕ್ಕೆ ಆರಾಮ. ಕರಿಯುವ ದಿನ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಗಂಡಸರಿಗೆ ಒಂದು ಮಾತು. ಪ್ರವಾದಿ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಹಝ್ರತ್ ಆಯಿಷಾ(ರ) ತಿಳಿಸಿದ್ದಾರೆ. ಹೊಸ ಅಡುಗೆಮನೆಗೆ ಮುಂಗಡ ಕೊಡುವ ಮೊದಲು ಹಳೆಯ ಅಡುಗೆಮನೆಯಲ್ಲಿ ಒಂದು ದಿನದ ಅಡುಗೆಯನ್ನು ಪೂರ್ತಿ ನೀವೇ ಮಾಡಿ ನೋಡಿ, ಪಾತ್ರೆಯನ್ನೂ ತೊಳೆಯಿರಿ. ಎಲ್ಲಿ ಹೊಗೆ ಕಣ್ಣಿಗೆ ಬಂತು, ಎಲ್ಲಿ ಬೆನ್ನು ಬಾಗಿತು, ಎಲ್ಲಿ ಕಾಲು ಜಾರಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಮನೆಯವರಿಗೆ ತೋರಿಸಿ, ಅವರು ಸೇರಿಸುವುದನ್ನೂ ಬರೆದುಕೊಳ್ಳಿ. ಮೇಸ್ತ್ರಿಗೂ ಬಡಗಿಗೂ ಕೊಡಬೇಕಾದ ನಕ್ಷೆ ಅದೇ.